ಅನುಮತಿಯೇ ಬಂಡವಾಳ: ಜರ್ಮನಿಯಲ್ಲಿ ಸ್ವಂತ ಐಟಿ ಭದ್ರತಾ ಸಲಹಾ ವೃತ್ತಿ

2021ರ ಜೂನ್‌ನಲ್ಲಿ ಜರ್ಮನಿಯ ಒಬ್ಬ ಸ್ವತಂತ್ರ ಪ್ರೋಗ್ರಾಮರ್‌ಗೆ ಅವರ ಗ್ರಾಹಕರೊಬ್ಬರು ಒಂದು ಕೆಲಸ ಒಪ್ಪಿಸಿದರು. ವ್ಯಾಪಾರಿಗಳನ್ನು ಆನ್‌ಲೈನ್ ಮಾರಾಟ ತಾಣಗಳಿಗೆ ಜೋಡಿಸುವ ಸಾಫ್ಟ್‌ವೇರ್ ಒಂದು ತೊಂದರೆ ಕೊಡುತ್ತಿತ್ತು, ಕಾರಣ ಹುಡುಕಬೇಕಿತ್ತು. ಹುಡುಕುತ್ತ ಹೋದವರಿಗೆ ಆ ಸಾಫ್ಟ್‌ವೇರ್ ತಯಾರಕರ ಡೇಟಾಬೇಸಿನ ಪಾಸ್‌ವರ್ಡ್ ಪ್ರೋಗ್ರಾಂ ಫೈಲಿನೊಳಗೇ ಮರೆಮಾಚದೆ ಕೂತಿರುವುದು ಕಂಡಿತು. ಅದನ್ನು ಬಳಸಿ ನೋಡಿದರೆ ತಮ್ಮ ಗ್ರಾಹಕರ ಮಾಹಿತಿ ಮಾತ್ರವಲ್ಲ, ಸುಮಾರು 7 ಲಕ್ಷ ಕೊಳ್ಳುಗರ ಮಾಹಿತಿ ಬಟಾಬಯಲಾಗಿತ್ತು. ಅವರು ಕಂಪನಿಗೆ ಸುದ್ದಿ ಮುಟ್ಟಿಸಿದರು, ವಿಷಯ ಬಹಿರಂಗವೂ ಆಯಿತು. ಕೆಲವೇ ತಿಂಗಳಲ್ಲಿ ಪೊಲೀಸರು ಮನೆ ಶೋಧಿಸಿ ಅವರ ಕಂಪ್ಯೂಟರುಗಳನ್ನು ಒಯ್ದರು. 2024ರ ಜನವರಿಯಲ್ಲಿ ಯೂಲಿಖ್ ಊರಿನ ನ್ಯಾಯಾಲಯ 3,000 ಯೂರೋ ದಂಡ ವಿಧಿಸಿತು. ಅದೇ ವರ್ಷ ನವೆಂಬರಿನಲ್ಲಿ ಆಖೆನ್‌ನ ಮೇಲಿನ ನ್ಯಾಯಾಲಯ ಮೇಲ್ಮನವಿಯನ್ನು ತಳ್ಳಿಹಾಕಿತು. ‘ಮಾಡರ್ನ್ ಸೊಲ್ಯೂಷನ್ ಪ್ರಕರಣ’ ಎಂದು ಹೆಸರಾದ ಇದನ್ನು ಜರ್ಮನಿಯ ಭದ್ರತಾ ವಲಯದಲ್ಲಿ ಕೇಳದವರಿಲ್ಲ.

ಆ ಪ್ರೋಗ್ರಾಮರ್ ಯಾರ ಹಣವನ್ನೂ ಕದ್ದವರಲ್ಲ, ಮಾಹಿತಿಯನ್ನು ಮಾರಿದವರಲ್ಲ. ಗ್ರಾಹಕರು ಕೊಟ್ಟ ಒಪ್ಪಿಗೆ ಆ ಡೇಟಾಬೇಸಿನ ಬಾಗಿಲವರೆಗೆ ಮಾತ್ರ ಇತ್ತು, ಅದರಾಚೆಗೆ ಇರಲಿಲ್ಲ. ಅಷ್ಟಕ್ಕೇ ಅಪರಾಧವಾಯಿತು. ವಿದೇಶಕ್ಕೆ ಹೋಗಿ ನಾಲ್ಕಾರು ವರ್ಷ ನೌಕರಿ ಮಾಡಿ, ಇನ್ನು ಸ್ವಂತ ಭದ್ರತಾ ಸಲಹಾ ವೃತ್ತಿ ತೆರೆಯೋಣ ಎಂದು ಯೋಚಿಸುವ ಕನ್ನಡಿಗ ಎಂಜಿನಿಯರುಗಳು ಎಲ್ಲಕ್ಕಿಂತ ಮೊದಲು ಓದಬೇಕಾದ ಪ್ರಕರಣ ಇದು. ವೆಬ್‌ಸೈಟ್ ಕಟ್ಟಿಕೊಡುವ ಸ್ವತಂತ್ರ ಕೆಲಸಗಾರ ತಪ್ಪಿದರೆ ಹಣ ಕಳೆದುಕೊಳ್ಳುತ್ತಾನೆ. ಭದ್ರತಾ ಪರೀಕ್ಷೆ ಮಾಡುವವನು ತಪ್ಪಿದರೆ ಆರೋಪಿಯಾಗುತ್ತಾನೆ. ಪರದೇಶದಲ್ಲಿ ಆ ಆರೋಪ ವಾಸದ ಹಕ್ಕಿಗೂ ಕುತ್ತು ತರಬಹುದು. ಸರ್ಕಾರ ಕೊಡುವ ದುಡಿಮೆಯ ಅನುಮತಿ, ಗ್ರಾಹಕ ಕೊಡುವ ಪರೀಕ್ಷೆಯ ಅನುಮತಿ, ಇವೆರಡು ಪಕ್ಕಾ ಇದ್ದವರಿಗೆ ಉಳಿದದ್ದೆಲ್ಲ ಕಲಿತು ಸರಿಪಡಿಸಿಕೊಳ್ಳುವಂಥದ್ದು ಎಂಬುದು ನನ್ನ ಖಚಿತ ಅಭಿಪ್ರಾಯ. ನಮ್ಮವರ ತಯಾರಿ ಬಹುಮಟ್ಟಿಗೆ ಇದಕ್ಕೆ ತಿರುಗುಮುರುಗಾಗಿರುತ್ತದೆ. ಸರ್ಟಿಫಿಕೇಟು, ಟೂಲು, ಲೋಗೊ ಮೊದಲು ಬರುತ್ತವೆ, ಕಾನೂನು ಕೊನೆಗೆ.

ದುಡಿಮೆಯ ಅನುಮತಿ ಒಂದೊಂದು ದೇಶದಲ್ಲಿ ಒಂದೊಂದು ಬಗೆ. ಅಮೆರಿಕದ ಎಚ್-1ಬಿ ಒಬ್ಬ ನಿರ್ದಿಷ್ಟ ಮಾಲೀಕರ ಕೆಳಗಿನ ಕೆಲಸಕ್ಕೆ ಕೊಟ್ಟದ್ದು, ಬಿಡುವಿನ ವೇಳೆಯಲ್ಲಿ ಹಣ ಪಡೆದು ಒಂದು ಆಡಿಟ್ ಮಾಡುವುದಕ್ಕೂ ಅದರಲ್ಲಿ ಎಡೆಯಿಲ್ಲ. 2025ರ ಜನವರಿಯಲ್ಲಿ ಜಾರಿಗೆ ಬಂದ ನಿಯಮ ತನ್ನದೇ ಕಂಪನಿಯ ಮೂಲಕ ಎಚ್-1ಬಿ ಪಡೆಯುವ ದಾರಿಯನ್ನು ಸ್ಪಷ್ಟಪಡಿಸಿದೆ, ಆದರೆ ಅಂಥವರಿಗೆ ಮೊದಲು ಕೊಡುವ ಅವಧಿ 18 ತಿಂಗಳು ಮೀರದು. ಗ್ರೀನ್ ಕಾರ್ಡಿನ ಸಾಲಿನಲ್ಲಿ ಭಾರತೀಯರು ಕಾಯುವ ಕಾಲ ಎಲ್ಲರಿಗೂ ಗೊತ್ತಿರುವುದೇ. ಬ್ರಿಟನ್ನಿನ ಸ್ಕಿಲ್ಡ್ ವರ್ಕರ್ ವೀಸಾದಲ್ಲಿ ಪ್ರಾಯೋಜಕ ಕಂಪನಿ ಬಿಟ್ಟು ಸ್ವಂತ ವ್ಯವಹಾರವನ್ನೇ ಕಸುಬಾಗಿಸಿಕೊಳ್ಳಲು ಬರುವುದಿಲ್ಲ. ಕಾಯಂ ವಾಸದ ಹಕ್ಕು ಸಿಕ್ಕವರಿಗೂ ಅಲ್ಲಿ ಐಆರ್35 ಎಂಬ ತೆರಿಗೆ ನಿಯಮ ಎದುರಾಗುತ್ತದೆ. 2021ರ ಏಪ್ರಿಲ್‌ನಿಂದ ಖಾಸಗಿ ವಲಯದ ಮಧ್ಯಮ ಮತ್ತು ದೊಡ್ಡ ಕಂಪನಿಗಳಲ್ಲಿ, ಕಾಂಟ್ರಾಕ್ಟರ್ ನಿಜವಾಗಿ ಸ್ವತಂತ್ರನೋ ಮುಸುಕಿನ ನೌಕರನೋ ಎಂದು ತೀರ್ಮಾನಿಸುವ ಹೊಣೆ ಕೆಲಸ ಕೊಡುವವರ ಮೇಲಿದೆ. ನೆದರ್‌ಲೆಂಡ್ಸ್ ಸರ್ಕಾರವೂ ಇದೇ ಬಗೆಯ ತಪಾಸಣೆಯನ್ನು ಬಹುಕಾಲ ಮುಂದೂಡಿ, 2025ರ ಜನವರಿ 1ರಿಂದ ಮತ್ತೆ ಶುರುಮಾಡಿತು. ಕೆನಡಾಕ್ಕೋ ಆಸ್ಟ್ರೇಲಿಯಾಕ್ಕೋ ಪಿಆರ್ ಹಿಡಿದೇ ಹೋದವರು ಈ ಮಟ್ಟಿಗೆ ನಿರಾಳ, ಇಳಿದ ದಿನದಿಂದಲೇ ಸ್ವಂತ ವೃತ್ತಿ ನಡೆಸಬಹುದು. ಆದರೆ ಆಸ್ಟ್ರೇಲಿಯಾದಲ್ಲಿ ಸರ್ಕಾರದ ಗೋಪ್ಯ ಮಾಹಿತಿ ಮುಟ್ಟುವ ಕೆಲಸಕ್ಕೆ ಸಾಮಾನ್ಯವಾಗಿ ಪೌರತ್ವವೇ ಬೇಕು.

ಇವುಗಳ ನಡುವೆ ನಾನು ಜರ್ಮನಿಯನ್ನು ಆರಿಸಿಕೊಂಡು ವಿವರವಾಗಿ ಬರೆಯುವುದಕ್ಕೆ ಕಾರಣಗಳಿವೆ. ಬೆಂಗಳೂರಿಗೂ ಆ ದೇಶಕ್ಕೂ ಇರುವ ನಂಟು ಹಳೆಯದು. ಮೈಕೊ ಎಂದು ನಾವು ಕರೆಯುತ್ತಿದ್ದ ಬಾಷ್‌ನ ಭಾರತೀಯ ಕಂಪನಿ ಹುಟ್ಟಿದ್ದು 1951ರಲ್ಲಿ. ಎಸ್‌ಎಪಿ ತನ್ನ ಲ್ಯಾಬನ್ನು ಬೆಂಗಳೂರಿನಲ್ಲಿ ತೆರೆದದ್ದು 1998ರಲ್ಲಿ. ಆ ದಾರಿ ಹಿಡಿದು ಸ್ಟುಟ್‌ಗಾರ್ಟ್‌ಗೆ, ವಾಲ್‌ಡಾರ್ಫ್‌ಗೆ ಹೋಗಿ ನೆಲೆಸಿದ ಕುಟುಂಬಗಳು ನಮ್ಮ ನಡುವೆ ಬೇಕಾದಷ್ಟಿವೆ. ಅಲ್ಲದೆ ಕಾಯಂ ವಾಸದ ಹಕ್ಕು ಬೇಗ ಸಿಗುವ ದೇಶಗಳಲ್ಲಿ ಜರ್ಮನಿಯೂ ಒಂದು. ಯುರೋಪಿನ ಬ್ಲೂ ಕಾರ್ಡ್ ಮೇಲೆ ಹೋದವರಿಗೆ 27 ತಿಂಗಳ ನೌಕರಿಯ ನಂತರ, ಜರ್ಮನ್ ಭಾಷೆಯಲ್ಲಿ ಬಿ1 ಮಟ್ಟ ತಲುಪಿದವರಿಗೆ 21 ತಿಂಗಳಲ್ಲೇ ಅದು ದೊರೆಯುತ್ತದೆ. ಕಾಯಂ ಪರವಾನಗಿ ಕೈಗೆ ಬಂದ ಮೇಲೆ ಯಾರ ಕೈಕೆಳಗಾದರೂ ದುಡಿಯಬಹುದು, ಸ್ವಂತ ಕಚೇರಿಯನ್ನಾದರೂ ತೆರೆಯಬಹುದು.

ಅಲ್ಲಿಯವರೆಗೆ ಬ್ಲೂ ಕಾರ್ಡ್‌ದಾರರು ಸುಮ್ಮನೆ ಇನ್‌ವಾಯ್ಸ್ ಹರಿಯುವಂತಿಲ್ಲ. ನೌಕರಿಯ ಜೊತೆಗೆ ಸಣ್ಣ ಪ್ರಮಾಣದ ಸ್ವತಂತ್ರ ಕೆಲಸಕ್ಕೂ ಊರಿನ ವಿದೇಶಿಯರ ಕಚೇರಿಯಿಂದ ಲಿಖಿತ ಒಪ್ಪಿಗೆ ಬೇಕು. ವಾಸದ ಕಾಯ್ದೆಯ 21ನೇ ಕಲಮಿನಲ್ಲಿ ಅದಕ್ಕೆ ಅವಕಾಶವಿದೆ, ಆದರೆ ಕೊಡುವುದು ಬಿಡುವುದು ಅಧಿಕಾರಿಯ ವಿವೇಚನೆ. ಜೊತೆಗೆ ನೌಕರಿಯ ಕರಾರಿನಲ್ಲಿ ಬೇರೆ ಕೆಲಸಕ್ಕೆ ಮಾಲೀಕರ ಸಮ್ಮತಿ ಬೇಕೆಂಬ ಷರತ್ತು ಸಾಮಾನ್ಯವಾಗಿ ಇದ್ದೇ ಇರುತ್ತದೆ. ಕೆಲಸ ಬಿಟ್ಟ ಮೇಲೆ ಅದೇ ಕ್ಷೇತ್ರದಲ್ಲಿ ಸ್ಪರ್ಧಿಸಬಾರದು ಎಂಬ ಷರತ್ತು ಕಂಡರೆ ಗಾಬರಿ ಬೇಡ. ಜರ್ಮನ್ ವಾಣಿಜ್ಯ ಸಂಹಿತೆಯ ಪ್ರಕಾರ ಅಂಥ ನಿರ್ಬಂಧ ಎರಡು ವರ್ಷ ಮೀರುವಂತಿಲ್ಲ, ಆ ಅವಧಿಗೆ ಸಂಬಳದ ಅರ್ಧದಷ್ಟಾದರೂ ಪರಿಹಾರ ಕೊಡಲು ಮಾಲೀಕ ಒಪ್ಪದಿದ್ದರೆ ಅದು ಕಟ್ಟುಪಾಡಾಗದು.

ಇಲ್ಲಿ ನಮ್ಮ ಕುಟುಂಬಗಳ ಗಮನಕ್ಕೆ ಬಾರದ ಒಂದು ವಿಷಯವಿದೆ. ಬ್ಲೂ ಕಾರ್ಡ್‌ದಾರರ ಜೊತೆ ಕುಟುಂಬ ವೀಸಾದಲ್ಲಿ ಹೋದ ಪತ್ನಿ ಅಥವಾ ಪತಿಗೆ ಜರ್ಮನಿಯಲ್ಲಿ ದುಡಿಮೆಗೆ ನಿರ್ಬಂಧವಿಲ್ಲ, ಸ್ವಂತ ಉದ್ಯೋಗವೂ ಅದರಲ್ಲಿ ಸೇರಿದೆ. ಬೆಂಗಳೂರಿನಲ್ಲಿ ಎಂಟು-ಹತ್ತು ವರ್ಷ ಭದ್ರತಾ ತಂಡಗಳಲ್ಲಿ ಕೆಲಸ ಮಾಡಿ, ಗಂಡನ ನೌಕರಿಗಾಗಿ ಹೊರಟು ಹೋಗಿ, ಅಲ್ಲಿ ‘ನನಗೆ ಕೆಲಸ ಸಿಗುತ್ತಿಲ್ಲ’ ಎಂದು ಕೂತಿರುವ ಹೆಣ್ಣುಮಕ್ಕಳು ಎಷ್ಟೋ ಮಂದಿ. ಗಂಡನಿಗೆ ಇನ್ನೂ ಸಿಗದ ಹಕ್ಕು ಆ ಮನೆಯಲ್ಲಿ ಅವರ ಕೈಯಲ್ಲಿ ಮೊದಲ ದಿನದಿಂದಲೇ ಇರುತ್ತದೆ. ಗಂಡನ ಸಂಬಳದ ಆಸರೆ, ಸರ್ಕಾರಿ ವಿಮೆಯಲ್ಲಿ ಕುಟುಂಬದ ರಕ್ಷಣೆ ಇರುವಾಗ ಸಣ್ಣದಾಗಿ ಶುರುಮಾಡಲು ಅವರಿಗಿಂತ ಅನುಕೂಲ ಯಾರಿಗಿದೆ? ಆದಾಯ ಒಂದು ಮಿತಿ ದಾಟಿದರೆ ಕುಟುಂಬದ ವಿಮೆಯಿಂದ ಹೊರಬರಬೇಕಾಗುತ್ತದೆ ಎಂಬುದನ್ನಷ್ಟೇ ನೆನಪಿನಲ್ಲಿಡಬೇಕು.

ಕೆಲಸ ಇದೆಯೇ ಎಂಬ ಪ್ರಶ್ನೆಗೆ ಉತ್ತರ ಜರ್ಮನಿಯ ಸಣ್ಣ ಊರುಗಳಲ್ಲಿ ಸಿಗುತ್ತದೆ. 2021ರ ಜುಲೈನಲ್ಲಿ ಆನ್‌ಹಾಲ್ಟ್-ಬಿಟ್ಟರ್‌ಫೆಲ್ಡ್ ಜಿಲ್ಲಾಡಳಿತದ ಕಂಪ್ಯೂಟರುಗಳು ರ‍್ಯಾನ್‌ಸಮ್‌ವೇರ್‌ಗೆ ಸಿಕ್ಕಿ ಬಡವರಿಗೆ ಸಲ್ಲಬೇಕಾದ ನೆರವಿನ ಹಣ ಕೊಡುವುದೇ ಕಷ್ಟವಾಯಿತು. ನೆರೆ, ಬೆಂಕಿಗೆ ಘೋಷಿಸುವ ವಿಪತ್ತಿನ ಸ್ಥಿತಿಯನ್ನು ಜರ್ಮನಿಯಲ್ಲಿ ಸೈಬರ್ ದಾಳಿಯೊಂದಕ್ಕೆ ಘೋಷಿಸಿದ್ದು ಅದೇ ಮೊದಲು. ಅದು ಇನ್ನೂರಕ್ಕೂ ಹೆಚ್ಚು ದಿನ ಜಾರಿಯಲ್ಲಿತ್ತು. 2023ರ ಅಕ್ಟೋಬರ್ ಕೊನೆಗೆ ಸ್ಯೂಡ್‌ವೆಸ್ಟ್‌ಫಾಲೆನ್-ಐಟಿ ಎಂಬ ಸಾರ್ವಜನಿಕ ಐಟಿ ಸಂಸ್ಥೆಗೆ ದಾಳಿಕೋರರು ನುಗ್ಗಿದಾಗ ಅದನ್ನು ನೆಚ್ಚಿದ್ದ 70ಕ್ಕೂ ಹೆಚ್ಚು ಸ್ಥಳೀಯ ಆಡಳಿತಗಳ ಕೆಲಸ ನಿಂತಿತು. ವಾಹನ ನೋಂದಣಿಯಂಥ ದಿನನಿತ್ಯದ ಸೇವೆಗಳೂ ಕೈಕೊಟ್ಟವು. ದಾಳಿಕೋರರು ಬಂದ ದಾರಿ ವಿಪಿಎನ್, ಅದಕ್ಕೆ ಎರಡನೇ ಹಂತದ ಗುರುತಿನ ಪರೀಕ್ಷೆ ಇರಲಿಲ್ಲ ಎಂದು ತನಿಖಾ ವರದಿ ಹೇಳಿತು. ಇದು ದೊಡ್ಡ ವಿದ್ವಾಂಸರು ಬಂದು ಹೇಳಬೇಕಾದ ಲೋಪವಲ್ಲ. ಅನುಭವವಿರುವ ಒಬ್ಬ ಸ್ವತಂತ್ರ ಸಲಹೆಗಾರ ಎರಡು-ಮೂರು ದಿನ ಕೂತು ನೋಡಿದ್ದರೂ ಮೊದಲ ಪುಟದಲ್ಲೇ ಬರೆಯುತ್ತಿದ್ದದ್ದು.

ಈಗ ಕಾನೂನು ಕೂಡ ಬಾಗಿಲು ತಟ್ಟುತ್ತಿದೆ. ಯುರೋಪಿನ ನಿಸ್-2 ಎಂಬ ಸೈಬರ್ ಭದ್ರತಾ ನಿರ್ದೇಶನವನ್ನು ಸದಸ್ಯ ದೇಶಗಳು 2024ರ ಅಕ್ಟೋಬರ್ 17ರೊಳಗೆ ತಮ್ಮ ಕಾನೂನಾಗಿಸಬೇಕಿತ್ತು. ಜರ್ಮನಿ ತಡಮಾಡಿ 2025ರ ಡಿಸೆಂಬರ್‌ನಲ್ಲಿ ಜಾರಿಗೆ ತಂದಿತು. ಅದರ ಹಿಡಿತಕ್ಕೆ ಬರುವ ಸಂಸ್ಥೆಗಳು ಸುಮಾರು 29,500 ಎಂದು ಅಲ್ಲಿನ ಸರ್ಕಾರದ ಅಂದಾಜು, ಹಿಂದೆ ಇದ್ದದ್ದು ಸುಮಾರು 4,500. ಹೊಸದಾಗಿ ಸೇರಿದವುಗಳಲ್ಲಿ ಆಹಾರ, ರಾಸಾಯನಿಕ, ಯಂತ್ರ ತಯಾರಿಕೆ, ತ್ಯಾಜ್ಯ ನಿರ್ವಹಣೆಯ ಮಧ್ಯಮ ಗಾತ್ರದ ಕಂಪನಿಗಳಿವೆ. ಭದ್ರತೆಯ ಹೊಣೆಯನ್ನು ಕಾಯ್ದೆ ನೇರವಾಗಿ ಆಡಳಿತ ಮಂಡಳಿಯ ತಲೆಗೆ ಕಟ್ಟುತ್ತದೆ. ಹಣಕಾಸು ಸಂಸ್ಥೆಗಳಿಗೆ ಡೋರಾ ನಿಯಮ 2025ರ ಜನವರಿ 17ರಿಂದ ಅನ್ವಯವಾಗಿದೆ. ಸಾಫ್ಟ್‌ವೇರ್ ಇರುವ ಸರಕು ಮಾರುವವರಿಗೆ ಸೈಬರ್ ರೆಸಿಲಿಯನ್ಸ್ ಕಾಯ್ದೆ ಪೂರ್ತಿ ಅನ್ವಯವಾಗುವುದು 2027ರ ಡಿಸೆಂಬರ್ 11ರಿಂದ. ಎಂಬತ್ತು-ನೂರು ಜನರ ಒಂದು ಕಾರ್ಖಾನೆ ಭದ್ರತಾ ಅಧಿಕಾರಿಯೊಬ್ಬರನ್ನು ಪೂರ್ಣಾವಧಿಗೆ ಇಟ್ಟುಕೊಳ್ಳಲಾರದು, ದೊಡ್ಡ ಸಲಹಾ ಕಂಪನಿಗಳ ದರ ಅದಕ್ಕೆ ಎಟುಕದು. ತಿಂಗಳಿಗೆ ನಾಲ್ಕು ದಿನ ಬಂದು, ಯಂತ್ರಗಳ ಪಕ್ಕ ನಿಂತು, ಏನು ಮಾಡಬೇಕೆಂದು ಹೇಳುವವರು ಅದಕ್ಕೆ ಬೇಕು. ಸ್ವತಂತ್ರರ ಜಾಗ ಅದು.

ಕರ್ನಾಟಕದಿಂದ ಹೋದವರಿಗೆ ಅದರೊಳಗೂ ಒಂದು ವಿಶೇಷ ಅವಕಾಶವಿದೆ. ಜರ್ಮನಿಯ ವಾಹನ ಉದ್ಯಮ 2017ರಲ್ಲಿ ಟಿಸಾಕ್ಸ್ ಎಂಬ ಮಾಹಿತಿ ಭದ್ರತಾ ತಪಾಸಣೆಯ ವ್ಯವಸ್ಥೆ ಹುಟ್ಟುಹಾಕಿತು. ಹೊಸ ಕಾರಿನ ನಕ್ಷೆ, ಬಿಡಿಭಾಗದ ವಿನ್ಯಾಸ ಮುಟ್ಟುವ ಪೂರೈಕೆದಾರರನ್ನು ಕಾರು ಕಂಪನಿಗಳು ಈ ಗುರುತು ಇದೆಯೇ ಎಂದು ಕೇಳುತ್ತವೆ. ಬೆಂಗಳೂರಿನಲ್ಲಿ ಕೂತು ಜರ್ಮನ್ ಕಾರುಗಳಿಗೆ ವಿನ್ಯಾಸ ಮಾಡಿಕೊಡುವ ಎಂಜಿನಿಯರಿಂಗ್ ಕಂಪನಿಗಳಿಗೂ ಇದೇ ಪ್ರಶ್ನೆ ಬರುತ್ತದೆ. ಅಂತಿಮ ಆಡಿಟ್ ಮಾಡಲು ಮಾನ್ಯತೆ ಪಡೆದ ಸಂಸ್ಥೆಗಳಿಗೆ ಮಾತ್ರ ಅಧಿಕಾರವಿದೆ. ಆದರೆ ಆಡಿಟ್‌ಗೆ ಮುಂಚೆ ಕಂಪನಿಯನ್ನು ಅಣಿಗೊಳಿಸುವ ಕೆಲಸ ಯಾರು ಬೇಕಾದರೂ ಮಾಡಬಹುದು. ಸ್ಟುಟ್‌ಗಾರ್ಟಿನ ಖರೀದಿ ವಿಭಾಗ ಏನು ಕೇಳುತ್ತದೆ, ಬೆಂಗಳೂರಿನ ಕಚೇರಿಯಲ್ಲಿ ಅದು ಹೇಗೆ ನಡೆಯುತ್ತದೆ ಎಂಬ ಎರಡೂ ಕಡೆಯ ಪರಿಚಯ ಇರುವವರು ಕಡಿಮೆ. ಪೆನ್ ಟೆಸ್ಟ್ ಎಂಬ, ನುಗ್ಗಿ ನೋಡುವ ಪರೀಕ್ಷೆಯಷ್ಟು ರೋಚಕ ಕೆಲಸವಲ್ಲ, ನಿಜ. ಆದರೆ ಮೊದಲ ವರ್ಷದ ಹೊಟ್ಟೆಪಾಡು ನೋಡಿಕೊಳ್ಳುವುದು ಇಂಥ ಕೆಲಸವೇ.

ಇನ್ನು ನೋಂದಣಿ. ಜರ್ಮನ್ ತೆರಿಗೆ ಕಾನೂನು ಸ್ವತಂತ್ರ ದುಡಿಮೆಯನ್ನು ಎರಡಾಗಿ ನೋಡುತ್ತದೆ. ವೈದ್ಯ, ವಕೀಲ, ಎಂಜಿನಿಯರ್ ಮುಂತಾದವರದು ‘ಫ್ರೈಬೆರೂಫ್ಲರ್’ ಎಂಬ ಸ್ವತಂತ್ರ ವೃತ್ತಿ, ಉಳಿದವರದು ‘ಗೆವೆರ್ಬೆ’ ಎಂಬ ವ್ಯಾಪಾರ. ವ್ಯಾಪಾರಿಗಳು ನೋಂದಣಿ ಮಾಡಿಸಬೇಕು, ವಾಣಿಜ್ಯ ಮಂಡಳಿಯ ಸದಸ್ಯರಾಗಬೇಕು, ವರ್ಷಕ್ಕೆ 24,500 ಯೂರೋ ಮೇಲ್ಪಟ್ಟ ಲಾಭಕ್ಕೆ ವ್ಯಾಪಾರ ತೆರಿಗೆ ಕೊಡಬೇಕು. ಐಟಿ ಸಲಹೆಗಾರ ಯಾವ ಕಡೆ ಎಂದು ತೀರ್ಮಾನಿಸುವುದು ತೆರಿಗೆ ಕಚೇರಿ. ಎಂಜಿನಿಯರಿಂಗ್ ಪದವಿ ಇದ್ದು ಕೆಲಸವೂ ಅದಕ್ಕೆ ತಕ್ಕಂತಿದ್ದರೆ ಮೊದಲ ಗುಂಪಿಗೆ ಸೇರುವ ಸಾಧ್ಯತೆ ಹೆಚ್ಚು. ನಮ್ಮ ವಿಟಿಯು ಪದವಿಯ ಅಂಕಪಟ್ಟಿಗಳನ್ನು ಜೋಪಾನವಾಗಿ ಇಟ್ಟುಕೊಂಡವರಿಗೆ ಅವು ಇಲ್ಲಿ ಒದಗಿ ಬರುತ್ತವೆ. ಆದರೆ ವಿಸಿಟಿಂಗ್ ಕಾರ್ಡಿನಲ್ಲಿ ಜರ್ಮನ್ ಭಾಷೆಯಲ್ಲಿ ಎಂಜಿನಿಯರ್ ಎಂದು ಅಚ್ಚುಹಾಕಿಸುವ ಮುನ್ನ ವಿಚಾರಿಸಿಕೊಳ್ಳಿ. ಆ ಬಿರುದಿಗೆ ಅಲ್ಲಿನ ರಾಜ್ಯಗಳ ಕಾನೂನಿನ ರಕ್ಷಣೆಯಿದೆ. ಸಾಫ್ಟ್‌ವೇರ್ ಲೈಸೆನ್ಸ್ ಮಾರಾಟದ ಕಮಿಷನ್ ಪಡೆದರೆ ಅದು ವ್ಯಾಪಾರವೇ. ಸಲಹೆ ಕೊಡುವವರು ಉತ್ಪನ್ನ ಮಾರಬಾರದು ಎಂಬುದು ತೆರಿಗೆಯ ಲೆಕ್ಕಕ್ಕೆ ಮಾತ್ರವಲ್ಲ, ವೃತ್ತಿಯ ಮರ್ಯಾದೆಗೂ ಒಳ್ಳೆಯದು ಎಂದು ನಾನು ನಂಬುತ್ತೇನೆ.

ನೌಕರಿ ಬಿಟ್ಟವರು ಬಹಳಷ್ಟು ಜನ ಎಡವುವುದು ಹಳೆಯ ಮಾಲೀಕರನ್ನೇ ಮೊದಲ ಗ್ರಾಹಕರನ್ನಾಗಿ ಮಾಡಿಕೊಳ್ಳುವಲ್ಲಿ. ಅದೇ ಕಚೇರಿ, ಅದೇ ಲ್ಯಾಪ್‌ಟಾಪ್, ಅದೇ ಮ್ಯಾನೇಜರ್ ಹೇಳಿದ ಕೆಲಸ, ತಿಂಗಳ ಕೊನೆಗೆ ಸಂಬಳದ ಬದಲು ಇನ್‌ವಾಯ್ಸ್. ಜರ್ಮನಿಯಲ್ಲಿ ಇದು ತೋರಿಕೆಯ ಸ್ವತಂತ್ರ ಉದ್ಯೋಗ. ಪಿಂಚಣಿ ವಿಮಾ ಸಂಸ್ಥೆ ಇದನ್ನು ಕಂಡುಹಿಡಿದರೆ ಕೆಲಸ ಕೊಟ್ಟ ಕಂಪನಿ ಹಿಂದಿನ ನಾಲ್ಕು ವರ್ಷಗಳ ಸಾಮಾಜಿಕ ವಿಮೆಯ ಕಂತು ತುಂಬಬೇಕಾಗಬಹುದು. ಬೇಕೆಂದೇ ಮಾಡಿದ್ದಾದರೆ ಇನ್ನೂ ಹಿಂದಕ್ಕೆ ಹೋಗುತ್ತಾರೆ. ಹೀಗಾಗಿ ದೊಡ್ಡ ಕಂಪನಿಗಳ ಖರೀದಿ ವಿಭಾಗಗಳು ಒಂಟಿ ಸಲಹೆಗಾರರನ್ನು ಕಂಡರೆ ಹಿಂಜರಿಯುತ್ತವೆ. ಅದೇ ಪಿಂಚಣಿ ಸಂಸ್ಥೆಯಲ್ಲಿ ಮುಂಚಿತವಾಗಿ ಅರ್ಜಿ ಹಾಕಿ, ತಾನು ನೌಕರನಲ್ಲ ಎಂದು ತೀರ್ಮಾನ ಬರೆಸಿಕೊಳ್ಳುವ ವಿಧಾನವೊಂದಿದೆ. ಅದಕ್ಕಿಂತ ಒಳ್ಳೆಯ ರಕ್ಷಣೆ ಎರಡು-ಮೂರು ಗ್ರಾಹಕರನ್ನು ಏಕಕಾಲಕ್ಕೆ ಇಟ್ಟುಕೊಳ್ಳುವುದು. ಆದಾಯದ ಬಹುಪಾಲು ಒಬ್ಬರಿಂದಲೇ ಬರುತ್ತಿದ್ದು ಕೈಕೆಳಗೆ ನೌಕರರಿಲ್ಲದಿದ್ದರೆ ಕಡ್ಡಾಯ ಪಿಂಚಣಿ ವಿಮೆಯೂ ಬೀಳುತ್ತದೆ. ಹೊಸದಾಗಿ ಶುರುಮಾಡಿದವರು ಮೊದಲ ಮೂರು ವರ್ಷಕ್ಕೆ ಅದರಿಂದ ವಿನಾಯಿತಿ ಕೇಳಬಹುದು.

ಹಣದ ಲೆಕ್ಕವನ್ನು ಸಂಬಳದ ಲೆಕ್ಕದಂತೆ ಹಾಕುವವರನ್ನು ಕಂಡರೆ ನನಗೆ ಭಯವಾಗುತ್ತದೆ. ಒಂದು ಉದಾಹರಣೆ ನೋಡಿ. ದಿನಕ್ಕೆ 800 ಯೂರೋ ದರ ಎಂದಿಟ್ಟುಕೊಳ್ಳೋಣ. ವರ್ಷದ 260 ವಾರದ ದಿನಗಳಲ್ಲಿ ರಜೆ, ಹಬ್ಬ, ಕಾಯಿಲೆಗೆ 50 ಕಳೆದರೆ ಉಳಿದದ್ದು 210. ಅದರಲ್ಲಿ ಮೂರನೇ ಒಂದು ಭಾಗ ಗ್ರಾಹಕರನ್ನು ಹುಡುಕುವುದಕ್ಕೆ, ಕೊಟೇಷನ್ ಬರೆಯುವುದಕ್ಕೆ, ಲೆಕ್ಕಪತ್ರಕ್ಕೆ, ಹೊಸದನ್ನು ಕಲಿಯುವುದಕ್ಕೆ ಹೋಗುತ್ತದೆ. ಹಣ ತರುವ ದಿನಗಳು 140, ವರಮಾನ 1,12,000 ಯೂರೋ. ಅದರ ಮೇಲೆ ಗ್ರಾಹಕರಿಂದ ಪಡೆದ ಶೇ. 19ರ ವ್ಯಾಟ್ 21,280 ಯೂರೋ ಬ್ಯಾಂಕಿನ ಖಾತೆಯಲ್ಲಿ ಕಾಣುತ್ತದೆ, ಆದರೆ ನಿಮ್ಮದಲ್ಲ. ಆರೋಗ್ಯ ವಿಮೆಯಲ್ಲಿ ಮಾಲೀಕರು ಕೊಡುತ್ತಿದ್ದ ಅರ್ಧ ಭಾಗ ಈಗ ನಿಮ್ಮ ಜೇಬಿನಿಂದಲೇ. ವೃತ್ತಿ ಹೊಣೆಗಾರಿಕೆ ವಿಮೆ ಇಲ್ಲದೆ ಪರೀಕ್ಷೆಗೆ ಇಳಿಯುವುದು ಹುಚ್ಚುತನ. ನಿಮ್ಮ ಸ್ಕ್ಯಾನ್‌ನಿಂದ ಒಂದು ಕಾರ್ಖಾನೆಯ ಯಂತ್ರ ಒಂದು ಪಾಳಿ ನಿಂತರೆ ಆ ನಷ್ಟ ವರ್ಷದ ಆದಾಯವನ್ನು ನುಂಗೀತು. ಎಲ್ಲಕ್ಕಿಂತ ಅಪಾಯದ ಕಾಲ ಎರಡನೇ, ಮೂರನೇ ವರ್ಷ. ಮೊದಲ ವರ್ಷದ ತೆರಿಗೆ ತೀರ್ಮಾನವಾಗಿ ಬಾಕಿ ಕೇಳುವ ಹೊತ್ತಿಗೇ, ಆ ಲಾಭದ ಆಧಾರದ ಮೇಲೆ ಮೂರು ತಿಂಗಳಿಗೊಮ್ಮೆ ಕಟ್ಟಬೇಕಾದ ಮುಂಗಡ ಕಂತುಗಳೂ ಶುರುವಾಗುತ್ತವೆ. ಬಂದ ಹಣದಲ್ಲಿ ತೆರಿಗೆಯ ಪಾಲನ್ನು ಬೇರೆ ಖಾತೆಗೆ ತೆಗೆದಿಡದೆ ಹೋದವರು ಈ ಹಂತದಲ್ಲಿ ಸಾಲಗಾರರಾಗುತ್ತಾರೆ. ಹಣ ಉಳಿಯುತ್ತದೆಂದು ಖಾಸಗಿ ಆರೋಗ್ಯ ವಿಮೆಗೆ ಜಿಗಿಯುವ ಮುನ್ನವೂ ಯೋಚಿಸಬೇಕು. 55 ದಾಟಿದ ಮೇಲೆ ಸರ್ಕಾರಿ ವಿಮೆಗೆ ಮರಳುವ ದಾರಿ ಹೆಚ್ಚುಕಡಿಮೆ ಮುಚ್ಚಿಹೋಗುತ್ತದೆ.

ಮತ್ತೆ ಅನುಮತಿಯ ವಿಷಯಕ್ಕೆ ಬರೋಣ, ಈ ವೃತ್ತಿಯ ಜೀವ ಇರುವುದು ಅಲ್ಲೇ. ಜರ್ಮನ್ ದಂಡ ಸಂಹಿತೆಯ 202ಎ ಕಲಮು, ತನಗಲ್ಲದ, ಭದ್ರಪಡಿಸಿದ ಮಾಹಿತಿಗೆ ರಕ್ಷಣೆ ಮೀರಿ ದಾರಿ ಮಾಡಿಕೊಳ್ಳುವುದನ್ನು ಅಪರಾಧ ಎನ್ನುತ್ತದೆ. 2007ರಲ್ಲಿ ಸೇರಿಸಿದ 202ಸಿ ಕಲಮು ಅಂಥ ಅಪರಾಧಕ್ಕೆ ಸಾಧನ ಸಿದ್ಧಪಡಿಸುವುದನ್ನೂ ಶಿಕ್ಷಿಸುತ್ತದೆ. ಪರೀಕ್ಷೆಗೂ ದಾಳಿಗೂ ಎರಡಕ್ಕೂ ಬಳಕೆಯಾಗುವ ಟೂಲುಗಳು ಅದರ ವ್ಯಾಪ್ತಿಗೆ ಬರುವುದಿಲ್ಲ ಎಂದು ಸಂವಿಧಾನ ನ್ಯಾಯಾಲಯ 2009ರಲ್ಲಿ ಸ್ಪಷ್ಟಪಡಿಸಿತು. ಆದರೂ ನಿಮ್ಮ ಲ್ಯಾಪ್‌ಟಾಪಿನಲ್ಲಿರುವುದು ಯಾವ ಉದ್ದೇಶಕ್ಕೆ ಎಂದು ತೋರಿಸಲು ಕಾಗದ ಇರಬೇಕು.

ಆ ಕಾಗದ ಹೇಗಿರಬೇಕು? ಗ್ರಾಹಕ ಕಂಪನಿಯ ಹೆಸರು ವಾಣಿಜ್ಯ ನೋಂದಣಿಯಲ್ಲಿ ಇರುವಂತೆಯೇ ಇರಬೇಕು. ಸಹಿ ಮಾಡುವವರಿಗೆ ಕಂಪನಿಯ ಪರವಾಗಿ ಸಹಿ ಹಾಕುವ ಅಧಿಕಾರ ಇರಬೇಕು. ಐಟಿ ವಿಭಾಗದ ಗೆಳೆಯರೊಬ್ಬರ ಇಮೇಲ್ ಸಾಲದು. ಯಾವ ಐಪಿ ವಿಳಾಸಗಳು, ಯಾವ ಡೊಮೇನ್‌ಗಳು, ಯಾವ ಅಪ್ಲಿಕೇಷನ್ ಎಂದು ಒಂದೊಂದಾಗಿ ಬರೆದಿರಬೇಕು. ಅವುಗಳಲ್ಲಿ ಯಾವುದು ಗ್ರಾಹಕರ ಸ್ವಂತದ್ದು, ಯಾವುದು ಹೋಸ್ಟಿಂಗ್ ಕಂಪನಿಯದು ಅಥವಾ ಮೂರನೆಯವರ ಸಾಫ್ಟ್‌ವೇರ್ ಸೇವೆ ಎಂದು ಗುರುತಿಸಿ, ಮೂರನೆಯವರದಾದರೆ ಅವರ ಒಪ್ಪಿಗೆಯನ್ನೂ ಲಗತ್ತಿಸಬೇಕು. ಯೂಲಿಖ್ ಪ್ರಕರಣದಲ್ಲಿ ಇಲ್ಲದ್ದು ಇದೇ. ಯಾವ ದಿನದಿಂದ ಯಾವ ದಿನದವರೆಗೆ, ಯಾವ ಹೊತ್ತಿನಲ್ಲಿ, ನಿಮ್ಮ ಕಡೆಯಿಂದ ಯಾವ ಐಪಿ ವಿಳಾಸದಿಂದ ಪರೀಕ್ಷೆ ನಡೆಯುತ್ತದೆ ಎಂಬುದಿರಬೇಕು. ಸೇವೆ ನಿಲ್ಲಿಸುವಂಥ ಪರೀಕ್ಷೆ, ನೌಕರರಿಗೆ ಸುಳ್ಳು ಇಮೇಲ್ ಕಳಿಸುವ ಪರೀಕ್ಷೆ ಇದೆಯೋ ಇಲ್ಲವೋ ನಮೂದಿಸಬೇಕು. ಎರಡನೆಯದಕ್ಕೆ ಅಲ್ಲಿನ ನೌಕರರ ಮಂಡಳಿಯನ್ನೂ ಕೇಳಬೇಕಾಗುತ್ತದೆ. ಏನಾದರೂ ಕೆಟ್ಟರೆ ನಡುರಾತ್ರಿ ಯಾರಿಗೆ ಫೋನ್ ಮಾಡಬೇಕು ಎಂಬ ನಂಬರು ಬೇಕು. ಅನುಮತಿಯ ಗಡಿಯಾಚೆಗೆ ತೆರೆದ ಬಾಗಿಲು ಕಂಡರೆ ಅಲ್ಲೇ ನಿಂತು, ಕಂಡದ್ದನ್ನು ಬರೆದುಕೊಂಡು ಗ್ರಾಹಕರಿಗೆ ತಿಳಿಸುವುದು ಎಂಬ ವಾಕ್ಯವನ್ನೂ ನೀವೇ ಸೇರಿಸಿ. ಜೊತೆಗೆ ವೈಯಕ್ತಿಕ ಮಾಹಿತಿ ಕಣ್ಣಿಗೆ ಬೀಳುವ ಕೆಲಸವಾದ್ದರಿಂದ ಯುರೋಪಿನ ಮಾಹಿತಿ ರಕ್ಷಣಾ ನಿಯಮ ಜಿಡಿಪಿಆರ್‌ನ 28ನೇ ವಿಧಿಯ ಪ್ರಕಾರದ ಕರಾರು ಬೇಕೇ ಎಂದೂ ನೋಡಿಕೊಳ್ಳಬೇಕು.

ಕಾಗದವಿದ್ದೂ ಕಷ್ಟಕ್ಕೆ ಸಿಕ್ಕವರಿದ್ದಾರೆ. 2019ರ ಸೆಪ್ಟೆಂಬರಿನಲ್ಲಿ ಅಮೆರಿಕದ ಅಯೋವಾ ರಾಜ್ಯದ ಡಲ್ಲಾಸ್ ಕೌಂಟಿಯ ನ್ಯಾಯಾಲಯದ ಕಟ್ಟಡದಲ್ಲಿ ರಾತ್ರಿ ಭದ್ರತಾ ಪರೀಕ್ಷೆಗೆ ಹೋದ ಇಬ್ಬರು ಜೈಲು ಸೇರಿದರು. ರಾಜ್ಯದ ನ್ಯಾಯಾಂಗ ಆಡಳಿತ ಅವರಿಗೆ ಕೆಲಸ ಕೊಟ್ಟಿತ್ತು, ಪತ್ರವೂ ಇತ್ತು. ಆದರೆ ಕಟ್ಟಡ ಕೌಂಟಿಯದು, ಅದಕ್ಕೆ ಅನುಮತಿ ಕೊಡಲು ರಾಜ್ಯಕ್ಕೆ ಏನು ಹಕ್ಕು ಎಂದು ಅಲ್ಲಿನ ಶೆರಿಫ್ ಕೇಳಿದರು. ಮೊಕದ್ದಮೆ ಕೈಬಿಟ್ಟದ್ದು 2020ರ ಜನವರಿಯಲ್ಲಿ. ಅವರ ಹಿಂದೆ ಒಂದು ಕಂಪನಿ ಇತ್ತು, ಅವರು ಆ ದೇಶದವರೇ ಆಗಿದ್ದರು. ಒಂಟಿಯಾಗಿ ದುಡಿಯುವ ಪರದೇಶಿಗೆ ಆ ನಾಲ್ಕು ತಿಂಗಳು ಹೇಗೆ ಕಳೆಯುತ್ತಿತ್ತು ಎಂದು ಯೋಚಿಸಿ.

ಕಾನೂನೇ ಬದಲಾಗಬೇಕು ಎಂಬ ಒತ್ತಾಯ ಜರ್ಮನಿಯಲ್ಲಿ ಬಲವಾಗಿದೆ. 2021ರಲ್ಲಿ ಲಿಲಿತ್ ವಿಟ್‌ಮನ್ ಎಂಬ ಭದ್ರತಾ ಸಂಶೋಧಕಿ ಸಿಡಿಯು ಪಕ್ಷದ ಪ್ರಚಾರದ ಆ್ಯಪ್‌ನಲ್ಲಿ ಲೋಪ ಕಂಡು ತಿಳಿಸಿದಾಗ ಪಕ್ಷ ಅವರ ಮೇಲೆಯೇ ದೂರು ಕೊಟ್ಟಿತು, ಟೀಕೆ ಬಂದ ಮೇಲೆ ಹಿಂತೆಗೆದುಕೊಂಡಿತು. 2024ರ ನವೆಂಬರಿನಲ್ಲಿ ನ್ಯಾಯ ಸಚಿವಾಲಯ ಸದುದ್ದೇಶದ ಸಂಶೋಧಕರಿಗೆ ರಕ್ಷಣೆ ಕೊಡುವ ಕರಡು ಸಿದ್ಧಪಡಿಸಿತು. ಅದೇ ತಿಂಗಳು ಸರ್ಕಾರ ಮುರಿದುಬಿದ್ದು ಅದು ನನೆಗುದಿಗೆ ಬಿತ್ತು. ಬೆಲ್ಜಿಯಂ 2023ರಲ್ಲೇ ಅಂಥ ರಕ್ಷಣೆ ಕೊಟ್ಟಿದೆ. ನೆದರ್‌ಲೆಂಡ್ಸ್ 2013ರಿಂದ ಲೋಪ ವರದಿ ಮಾಡುವವರಿಗೆ ಮಾರ್ಗಸೂಚಿ ಇಟ್ಟುಕೊಂಡಿದೆ. ಯುರೋಪಿನ ಅತಿ ದೊಡ್ಡ ಆರ್ಥಿಕತೆ ಈ ವಿಷಯದಲ್ಲಿ ತನ್ನ ಪುಟ್ಟ ನೆರೆಯವರಿಗಿಂತ ಹಿಂದಿರುವುದು ಖಂಡಿತ ಸರಿಯಲ್ಲ.

ಬೆಂಗಳೂರಿನ ಅಥವಾ ಮೈಸೂರಿನ ಗೆಳೆಯರನ್ನು ಸೇರಿಸಿಕೊಂಡು ತಂಡ ಕಟ್ಟುವ ಆಲೋಚನೆ ಸಹಜವಾಗಿಯೇ ಬರುತ್ತದೆ. ತಪ್ಪಿಲ್ಲ. ಆದರೆ ಜಿಡಿಪಿಆರ್ ದೃಷ್ಟಿಯಲ್ಲಿ ಭಾರತ ‘ಸಾಕಷ್ಟು ರಕ್ಷಣೆ ಇರುವ ದೇಶ’ ಎಂಬ ಪಟ್ಟಿಯಲ್ಲಿಲ್ಲ. ಗ್ರಾಹಕರ ಮಾಹಿತಿ ಮೈಸೂರಿನ ಪರದೆಯಲ್ಲಿ ಕಾಣುವುದಾದರೆ ಯುರೋಪಿನ ಆಯೋಗ ರೂಪಿಸಿದ ಪ್ರಮಾಣಿತ ಕರಾರಿನ ಷರತ್ತುಗಳು ಬೇಕು, ಗ್ರಾಹಕರಿಗೆ ಮೊದಲೇ ತಿಳಿದಿರಬೇಕು. ಮುಚ್ಚಿಟ್ಟು ಮಾಡಿಸಿ ಸಿಕ್ಕಿಬಿದ್ದರೆ ಗ್ರಾಹಕರೂ ಹೋಗುತ್ತಾರೆ, ಊರಲ್ಲಿ ಹೆಸರೂ ಹೋಗುತ್ತದೆ.

ಭಾಷೆಯ ಮಾತನ್ನು ಕೊನೆಗೆ ಇಟ್ಟುಕೊಂಡದ್ದು ಅದು ಕಡಿಮೆ ಮುಖ್ಯವೆಂದಲ್ಲ. ಬರ್ಲಿನ್ನಿನ ಸ್ಟಾರ್ಟ್‌ಅಪ್‌ಗಳಲ್ಲಿ ಇಂಗ್ಲಿಷ್ ನಡೆಯುತ್ತದೆ. ನಿಸ್-2ಕ್ಕೆ ಹೊಸದಾಗಿ ಸೇರಿದ ಡೇರಿಯಲ್ಲಿ, ಗೇರ್ ಕಾರ್ಖಾನೆಯಲ್ಲಿ, ಊರಿನ ನೀರು-ವಿದ್ಯುತ್ ಸಂಸ್ಥೆಯಲ್ಲಿ ನಡೆಯುವುದಿಲ್ಲ. ವರದಿಯ ಮೊದಲ ಎರಡು ಪುಟ ಓದುವವರು ಮಾಲೀಕರು ಮತ್ತು ಅವರ ವಕೀಲರು, ಅದು ಒಳ್ಳೆಯ ಜರ್ಮನ್‌ನಲ್ಲಿರಬೇಕು. ಯಂತ್ರಾನುವಾದದ ವರದಿ ಕೊಟ್ಟವರನ್ನು ಎರಡನೇ ಸಲ ಕರೆಯುವುದಿಲ್ಲ.

ಕರ್ನಾಟಕದಲ್ಲಿ ಐಐಎಸ್‌ಸಿ ಆಶ್ರಯದ ಸೈಬರ್ ಭದ್ರತಾ ಕೇಂದ್ರವಿದೆ, ‘ನಲ್’ ಸಮುದಾಯದ ಬೆಂಗಳೂರು ಬಳಗದಂಥ ಕೂಟಗಳಲ್ಲಿ ಕಲಿತ ಹುಡುಗ ಹುಡುಗಿಯರಿದ್ದಾರೆ. ಗೋವಾದಲ್ಲಿ ಹುಟ್ಟಿದ ನಲ್‌ಕಾನ್ ಸಮ್ಮೇಳನ 2022ರಿಂದ ಬರ್ಲಿನ್‌ನಲ್ಲೂ ನಡೆಯುತ್ತಿದೆ. ನಮ್ಮಲ್ಲಿ ಕೈಚಳಕಕ್ಕೆ ಕೊರತೆಯಿಲ್ಲ. ಕೊರತೆ ಇರುವುದು ಕಾಲೇಜುಗಳಲ್ಲಿ ಟೂಲುಗಳ ಜೊತೆಗೆ ಕರಾರು, ವ್ಯಾಪ್ತಿ, ಕಾನೂನು ಕಲಿಸುವವರದು. ನಮ್ಮ ಮಾಹಿತಿ ತಂತ್ರಜ್ಞಾನ ಕಾಯ್ದೆಯ 43 ಮತ್ತು 66ನೇ ಕಲಮುಗಳೂ ಅನುಮತಿಯಿಲ್ಲದ ಪ್ರವೇಶವನ್ನು ಬಿಡುವುದಿಲ್ಲ ಎಂಬುದು ಎಷ್ಟು ವಿದ್ಯಾರ್ಥಿಗಳಿಗೆ ಗೊತ್ತು? ನಮ್ಮ ವಿಶ್ವವಿದ್ಯಾಲಯಗಳು ಭದ್ರತಾ ಪಠ್ಯದಲ್ಲಿ ಒಂದು ಅನುಮತಿ ಪತ್ರವನ್ನು ಬರೆಸುವ ಅಭ್ಯಾಸವನ್ನಾದರೂ ಈ ವರ್ಷವೇ ಸೇರಿಸಲಿ.

ಜರ್ಮನಿಯಲ್ಲಿ ಈಗಾಗಲೇ ಇದ್ದು ಈ ಯೋಚನೆಯಲ್ಲಿರುವವರಿಗೆ ನನ್ನ ಸಲಹೆ ಇಷ್ಟು. ಬಿ1 ಮುಗಿಸಿ, ಕಾಯಂ ಪರವಾನಗಿ ಬರುವವರೆಗೆ ನೌಕರಿಯಲ್ಲೇ ಇರಿ, ಆ ಅವಧಿಯಲ್ಲಿ ಒಂಬತ್ತು ತಿಂಗಳ ಖರ್ಚು ಕೂಡಿಡಿ. ವಾಣಿಜ್ಯ ಮಂಡಳಿಯಲ್ಲಿ ಹೊಸ ಉದ್ಯಮಿಗಳಿಗೆ ಸಲಹೆ ಕೊಡುವ ವ್ಯವಸ್ಥೆಯಿದೆ, ರಾಜೀನಾಮೆ ಬರೆಯುವ ಮೊದಲು ಅಲ್ಲಿಗೆ ಹೋಗಿ ಬನ್ನಿ. ಅನುಮತಿ ಪತ್ರದ ಒಂದು ಮಾದರಿಯನ್ನು ಜರ್ಮನ್ ವಕೀಲರಿಂದ ಬರೆಸಿಕೊಳ್ಳಿ, ಆ ಖರ್ಚಿನಲ್ಲಿ ಜಿಪುಣತನ ಬೇಡ. ಮೊದಲ ಗ್ರಾಹಕರ ಸಹಿ ಬೀಳುವವರೆಗೆ ಅವರ ಯಾವ ಸರ್ವರನ್ನೂ, ಕುತೂಹಲಕ್ಕೂ, ಮುಟ್ಟಬೇಡಿ.